ರಾಟೆ ಇಲ್ಲದ ಬಾವಿ

ಈಚೆಗೆ ಪುರಸಭೆಗೆ ಹೊಸದಾಗಿ ಸೇರಿದ ಇಬ್ಬರು ಗುಮಾಸ್ತರು ಮನೆಗೆ ಬಂದಿದ್ದರು. ಚಹಾ ಕುಡಿಯುತ್ತ ಒಬ್ಬಾಕೆ, "ನಿಮ್ಮ ಕಾಲದಾಗ ಕೆಲಸ ಭಾಳ ಆರಾಮ ಇತ್ತಂತಲ್ರಿ ಕಾಕಾ. ಸಣ್ಣ ಊರು, ಸಣ್ಣ ಆಫೀಸು" ಅಂದಳು. ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು, ಅವರು ಎದ್ದು ಹೋದ ಮೇಲೆ ಊಟ ಸೇರಲಿಲ್ಲ. ಅದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಅನ್ನುವುದೆಲ್ಲ ನನ್ನ ಸರ್ವಿಸ್ ಪುಸ್ತಕದಲ್ಲಿದೆ. ಅದು ಗೆದ್ದಲು ಹಿಡಿಯದೆ ಉಳಿದಿದ್ದರೆ ಬೇಕಾದವರು ನೋಡಿಕೊಳ್ಳಲಿ. ನಾನು ಹೇಳಬೇಕಾದದ್ದು ಅದರಲ್ಲಿ ಇಲ್ಲ.

ಊರಿನ ಹೆಸರು ಹೇಳುವುದಿಲ್ಲ. ಒಂದು ಕಡೆ ಸೇಡಂ, ಇನ್ನೊಂದು ಕಡೆ ಚಿತ್ತಾಪುರ. ರೈಲು ಹಿಡಿಯಬೇಕಾದರೆ ವಾಡಿಗೆ ಹೋಗಬೇಕು, ಮನೆಗೆ ಹಾಸುವ ಫರ್ಸಿ ಕಲ್ಲು ಬೇಕಾದರೆ ಶಹಾಬಾದಿಗೆ. ಇಷ್ಟು ಹೇಳಿದ್ದಕ್ಕೇ ಗುರುತು ಹಿಡಿದವರು ದಯವಿಟ್ಟು ತಮ್ಮಲ್ಲೇ ಇಟ್ಟುಕೊಳ್ಳಿ. ನಾನು ಅಲ್ಲಿಗೆ ಗುಮಾಸ್ತನಾಗಿ ಹೋದಾಗ ನಿಜಾಮರ ಆಳ್ವಿಕೆ ಮುಗಿದು ಹೆಚ್ಚು ದಿನ ಆಗಿರಲಿಲ್ಲ. ಪುರಸಭೆಯನ್ನು ಜನ ಇನ್ನೂ ಬಲ್ದಿಯಾ ಅಂತಲೇ ಕರೆಯುತ್ತಿದ್ದರು, ಕಾಗದಪತ್ರವೆಲ್ಲ ಉರ್ದುವಿನಲ್ಲೇ ನಡೆಯುತ್ತಿತ್ತು. ನಾನು ನಾಲವಾರದ ಹತ್ತಿರದ ಹಳ್ಳಿಯವನು. ಅಪ್ಪ ಇರಲಿಲ್ಲ. ಅವ್ವನನ್ನು ಕರೆತಂದು ಬಾಡಿಗೆಯ ಎರಡು ಖೋಲಿಯಲ್ಲಿ ಸಂಸಾರ ಹೂಡಿದ್ದೆ. ಉರ್ದು, ಕನ್ನಡ ಎರಡೂ ಬರೆಯಲು ಬರುತ್ತಿದ್ದುದರಿಂದ ಕೆಲಸ ಸಿಕ್ಕಿತ್ತು, ಅದೇ ಕಾರಣಕ್ಕೆ ತಲೆಯೂ ಸ್ವಲ್ಪ ತಿರುಗಿತ್ತು.

ಕಚೇರಿ ಅಂದರೆ ಒಂದು ಉದ್ದನೆಯ ಪಡಸಾಲೆ. ಒಳಗಿನ ಕೋಣೆಯಲ್ಲಿ ಸೆಕ್ರೆಟರಿ ಸಾಹೇಬರು, ಹೊರಗೆ ನಾವು. ನನಗೆ ಕೆಲಸ ಕಲಿಸಿದವರು ಹೆಡ್ ಗುಮಾಸ್ತ ರಹಮಾನ್ ಸಾಬರು. ಬಿಳಿ ಗಡ್ಡ, ಕೆಮ್ಮು, ಬಾಯಿ ತುಂಬ ಎಲೆ ಅಡಿಕೆ. ನಾನು ಅವರನ್ನು ಚಾಚಾ ಅನ್ನುತ್ತಿದ್ದೆ. ಅವರ ಕೈಬರಹ ಎಷ್ಟು ಚೆಂದ ಇತ್ತೆಂದರೆ, ಏನು ಬರೆದಿದ್ದಾರೆ ಅನ್ನುವುದನ್ನು ನೋಡುವುದೇ ಮರೆತುಹೋಗುತ್ತಿತ್ತು.

ಮೊದಲ ವಾರದಲ್ಲೇ ಬೆಚ್ಚಿಬಿದ್ದೆ. ಊರಿನ ಸಾವುಗಳನ್ನು ಬರೆಯುವ ಪುಸ್ತಕ ನನ್ನ ಕೈಗೆ ಬಂದಿತ್ತು. ಪುಟ ತಿರುವಿದರೆ ಸಾವಿನ ಕಾರಣದ ಜಾಗದಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಶಬ್ದ: ಬುಖಾರ್. ಮುದುಕರಿಗೂ ಜ್ವರ, ಕೂಸುಗಳಿಗೂ ಜ್ವರ, ಬಾಣಂತಿಗೂ ಜ್ವರ. ಹಿಂದಿನ ತಿಂಗಳು ಕಲ್ಲಿನ ಗಣಿಯಲ್ಲಿ ಬಂಡೆ ಉರುಳಿ ಒಬ್ಬ ಸತ್ತದ್ದು ಇಡೀ ಊರಿಗೇ ಗೊತ್ತಿತ್ತು. ಅವನ ಹೆಸರಿನ ಮುಂದೆಯೂ ಜ್ವರ ಅಂತ ಇತ್ತು.

"ಚಾಚಾ, ಇವನ ಮ್ಯಾಲ ಬಂಡಿಗಲ್ಲು ಬಿದ್ದಿತ್ತಲ್ರಿ" ಅಂದೆ.

"ಬಿದ್ದಿತ್ತು ಬೇಟಾ."

"ಮತ್ತ ಬುಖಾರ್ ಅಂತ ಬರದೀರಿ?"

ಅವರು ಎಲೆಗೆ ಸುಣ್ಣ ಸವರುತ್ತ, "ಬಿದ್ದ ಮ್ಯಾಲ ಎರಡು ದಿನ ಬದುಕಿದ್ದ. ಆವಾಗ ಮೈ ಬಿಸಿ ಇದ್ದೇ ಇರ್ತದಲ್ಲ?" ಅಂದರು. ತಮಾಷೆಗೆ ಹೇಳಿದರೋ ನಿಜವಾಗಿ ಹೇಳಿದರೋ ತಿಳಿಯಲಿಲ್ಲ. ಬೇರೆ ಏನಾದರೂ ಬರೆದರೆ ಮೇಲಿನವರು ಪ್ರಶ್ನೆ ಕೇಳುತ್ತಾರೆ, ಜ್ವರಕ್ಕೆ ಯಾರೂ ಏನೂ ಕೇಳುವುದಿಲ್ಲ ಎಂದು ಆಮೇಲೆ ವಿವರಿಸಿದರು. ಮುಂದಿನ ತಿಂಗಳಿಂದ ನಾನೂ ಹಾಗೇ ಬರೆದೆ, ಅದನ್ನು ಮುಚ್ಚಿಡುವುದಿಲ್ಲ.

ಇನ್ನೊಂದು ಪ್ರಸಂಗ ದೀಪದ ಕಂಬದ್ದು. ಬೀದಿಗಳಲ್ಲಿ ಸೀಮೆಎಣ್ಣೆಯ ದೀಪಗಳಿದ್ದವು. ಕಂಬಗಳ ಪಟ್ಟಿ ಹಿಡಿದು ಒಂದು ಸಂಜೆ ದೀಪ ಹಚ್ಚುವವನ ಜೊತೆ ಹೊರಟೆ. ಹೊಸ ನೌಕರ, ಹುರುಪು ನೋಡಿ! ಪಟ್ಟಿಯಲ್ಲಿದ್ದ ಒಂದು ಕಂಬ ಬೀದಿಯಲ್ಲಿ ಎಲ್ಲೂ ಕಾಣಲಿಲ್ಲ. ದೀಪ ಹಚ್ಚುವವನು ಒಬ್ಬ ವ್ಯಾಪಾರಿಯ ಮನೆಯ ಬಾಗಿಲು ಬಡಿದ, ಒಳಗಿನವರು ತೆಗೆದರು, ಅವನು ನಿಚ್ಚಣಿಕೆ ಹೊತ್ತು ಒಳಗೆ ಹೋದ, ಅಂಗಳದ ನಡುವೆ ನಿಂತಿದ್ದ ಸರಕಾರಿ ಕಂಬಕ್ಕೆ ದೀಪ ಹಚ್ಚಿ ಹೊರಗೆ ಬಂದ. ವ್ಯಾಪಾರಿ ಬೀದಿಯನ್ನು ಒತ್ತುವರಿ ಮಾಡಿ ಕಂಬವನ್ನೂ ಒಳಗೆ ಹಾಕಿಕೊಂಡು ಗೋಡೆ ಕಟ್ಟಿದ್ದ! ಎಷ್ಟೋ ವರ್ಷಗಳಿಂದ ದಿನಾ ಸಂಜೆ ಇದೇ ನಡೆದಿತ್ತು. ಚಾಚಾನಿಗೆ ಹೇಳಿದರೆ, "ಪಟ್ಟಿಯಾಗ ಕಂಬ ಅದ. ದೀಪ ಹತ್ತ್ಯದ. ನಿಂದೇನದ ತಕರಾರು?" ಅಂದರು. ನಮ್ಮ ಕಚೇರಿ ಊರನ್ನು ನೋಡಿ ಕೆಲಸ ಮಾಡುತ್ತಿರಲಿಲ್ಲ, ಪಟ್ಟಿಯನ್ನು ನೋಡಿ ಮಾಡುತ್ತಿತ್ತು. ಆಗ ಅದು ನನಗೆ ನಗೆಯ ವಿಷಯವಾಗಿತ್ತು. ಅವ್ವನಿಗೆ ಹೇಳಿ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು.

ಈಗ ಬಾವಿಯ ವಿಷಯಕ್ಕೆ ಬರುತ್ತೇನೆ. ನಳ ಇಲ್ಲದ ಊರು, ಕುಡಿಯುವುದು ಬಾವಿಯ ನೀರು. ಬೇಸಿಗೆ ಶುರುವಾಗುವ ಮೊದಲು ಬಲ್ದಿಯಾದಿಂದ ಬಾವಿಗಳಿಗೆ ಹೊಸ ಹಗ್ಗ, ರಾಟೆಯ ದುರಸ್ತಿ ಆಗಬೇಕು. ಯಾವ ಬಾವಿಗೆ ಹಗ್ಗ ಕೊಟ್ಟೆವು, ಯಾವ ಬಾವಿಯ ರಾಟೆ ಸವೆದಿದೆ ಎಂದು ಚಾಚಾ ಒಂದು ಪುಸ್ತಕ ಇಟ್ಟಿದ್ದರು. ನಾನು ಸೇರಿದ ಮೂರು ನಾಲ್ಕು ವರ್ಷಕ್ಕೆ ಜಿಲ್ಲೆಯಿಂದ ಒಂದು ಕಾಗದ ಬಂತು. ಊರಿನಲ್ಲಿ ಕುಡಿಯುವ ನೀರಿನ ಬಾವಿಗಳು ಎಷ್ಟು, ಎಲ್ಲೆಲ್ಲಿ ಇವೆ, ಕೂಡಲೇ ಪಟ್ಟಿ ಕಳಿಸಿ, ವಾಂತಿಭೇದಿ ಬಂದರೆ ಔಷಧ ಹಾಕುವುದಕ್ಕೆ ಬೇಕು ಎಂದು.

ಬೇರೆ ಊರುಗಳ ಪಟ್ಟಿ ಹೋಗಲು ವಾರ ಹಿಡಿಯಿತಂತೆ. ನಾನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ಹಗ್ಗ-ರಾಟೆಯ ಪುಸ್ತಕ ಮುಂದಿಟ್ಟುಕೊಂಡು ಬಾವಿಗಳ ಹೆಸರನ್ನು ಉರ್ದುವಿನಿಂದ ಕನ್ನಡಕ್ಕೆ ಇಳಿಸಿದೆ, ಮೇಲೆ ದಪ್ಪ ಅಕ್ಷರದಲ್ಲಿ "ಊರಿನ ಎಲ್ಲ ಕುಡಿಯುವ ನೀರಿನ ಬಾವಿಗಳು" ಅಂತ ಬರೆದೆ. ಮಠದ ಬಾವಿ, ಪೇಟೆ ಬಾವಿ, ಮಸೀದಿ ಬಾವಿ, ಅಗಸಿ ಬಾವಿ, ಒಂದನ್ನೂ ಬಿಡಲಿಲ್ಲ. ಸೆಕ್ರೆಟರಿ ಸಾಹೇಬರು ಔರಂಗಾಬಾದ ಕಡೆಯವರು, ಹೊಗಳುವುದು ಅಪರೂಪ. ಅವತ್ತು ನನ್ನನ್ನು ಒಳಗೆ ಕರೆದು, "ಶಾಬಾಸ್ ಶರಣಪ್ಪಾ, ಕೆಲಸ ಅಂದ್ರ ಹಿಂಗಿರಬೇಕು" ಅಂದರು. ನಾನು ಮನೆಗೆ ಹೋಗುವಾಗ ಪೇಡೆ ಕೊಂಡುಕೊಂಡು ಹೋದೆ.

ಆ ವರ್ಷ ಮಳೆ ಹಿಡಿದ ಸ್ವಲ್ಪ ದಿನಕ್ಕೇ ವಾಡಿಯಲ್ಲಿ ಇಳಿದು ಬಂದ ಪ್ರಯಾಣಿಕರು ಸುದ್ದಿ ತಂದರು, ರೈಲು ದಾರಿಯ ಊರುಗಳಲ್ಲಿ ವಾಂತಿಭೇದಿ ಕಾಣಿಸಿಕೊಂಡಿದೆ ಎಂದು. ಜಿಲ್ಲೆಯಿಂದ ಡಬ್ಬಿಗಳಲ್ಲಿ ಔಷಧ ಬಂತು. ನೇರಳೆ ಬಣ್ಣದ ಹರಳು, ನೀರಿಗೆ ಹಾಕಿದರೆ ಕೆಂಪಾಗುತ್ತದೆ. ಜನ ಅದನ್ನು ಲಾಲ್ ದವಾ ಅನ್ನುತ್ತಿದ್ದರು. ಸಂಜೆ ಬಾವಿಗೆ ಹಾಕಬೇಕು, ಬೆಳಗಾದ ಮೇಲೆ ನೀರು ಸೇದಬೇಕು. ಕಸಗುಡಿಸುವವರ ಮೇಲ್ವಿಚಾರಣೆ ಮಾಡುವ ಜಮಾದಾರನ ಕೈಗೆ ನನ್ನ ಪಟ್ಟಿ ಕೊಟ್ಟರು. ಅವನು ಎರಡು ಸಂಜೆಗಳಲ್ಲಿ ಎಲ್ಲ ಬಾವಿಗೂ ಹಾಕಿ ಪಟ್ಟಿಯ ಮುಂದೆ ಗುರುತು ಮಾಡಿ ತಂದ. ಸಾಹೇಬರು ಅದನ್ನು ನೋಡಿ, ಜನ ಗಾಬರಿ ಬೀಳದಂತೆ ಡಂಗುರ ಹೊಡೆಸು ಎಂದರು.

ಡಂಗುರದ ಮಾತು ಬರೆದುಕೊಟ್ಟವನು ನಾನೇ. ಬರೆದದ್ದನ್ನು ಡಂಗುರದ ಚಂದ್ರಾಮನಿಗೆ ಓದಿ ಹೇಳಿದೆ, ಅವನು ಬಾಯಿಪಾಠ ಮಾಡಿಕೊಂಡ: "ಊರಿನ ಎಲ್ಲಾ ಬಾವಿಗಳಿಗೂ ಔಷಧ ಹಾಕ್ಯಾರ. ಬಾವಿ ನೀರೇ ಕುಡೀರಿ, ಹಳ್ಳದ ನೀರು ಕುಡೀಬ್ಯಾಡ್ರಿ, ಯಾರೂ ಹೆದರಬ್ಯಾಡ್ರಿ." ಚಂದ್ರಾಮ ಕೆಳಗಿನ ಓಣಿಯವನು. ಊರು ಮುಟ್ಟಿಸಿಕೊಳ್ಳದ ಜನರ ಓಣಿ ಅದು, ಹಳ್ಳದ ಬದಿಗೆ ಇತ್ತು. ಊರಿನ ಕಸ ಗುಡಿಸುವವರು, ಚರಂಡಿ ತೆಗೆಯುವವರು ಎಲ್ಲರೂ ಅಲ್ಲಿಯವರೇ. ಅವನು ಊರ ಬಾಗಿಲಾದ ಅಗಸಿಯಿಂದ ಶುರುಮಾಡಿ ಎಲ್ಲ ಓಣಿಗಳಲ್ಲಿ ಹಲಗೆ ಬಡಿದು ಸಾರಿದ, ಕೊನೆಗೆ ತನ್ನ ಓಣಿಯಲ್ಲೂ ಸಾರಿದ.

ಪಂಚಮಿ ಹಬ್ಬ ಬಂತು. ಹೆಣ್ಣುಮಕ್ಕಳೆಲ್ಲ ತವರಿಗೆ ಬಂದರು, ಊರು ತುಂಬ ಜೋಕಾಲಿ. ಮೇಲಿನ ಓಣಿಗಳಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ನಮ್ಮ ಕೆಲಸ ಯಶಸ್ವಿಯಾಯಿತೆಂದು ಕಚೇರಿಯಲ್ಲಿ ಎಲ್ಲರೂ ಬೀಗುತ್ತಿದ್ದೆವು.

ಹಬ್ಬ ಕಳೆದ ಮೂರನೆಯ ದಿನ ಬೆಳಿಗ್ಗೆ ಪೇಟೆಯ ಮೆಂಬರರೊಬ್ಬರು ಕಚೇರಿಗೆ ನುಗ್ಗಿದರು. "ಎರಡು ದಿನ ಆತು, ನನ್ನ ಅಂಗಡಿ ಮುಂದಿನ ಕಸ ಹಾಂಗೇ ಬಿದ್ದದ. ಬಲ್ದಿಯಾ ಅದನೋ ಸತ್ತದನೋ?" ಎಂದು ಕೂಗಾಡಿದರು. ನಿಜವೇ, ಎರಡು ದಿನದಿಂದ ಒಂದು ಬೀದಿಯೂ ಗುಡಿಸಿರಲಿಲ್ಲ. ಸಾಹೇಬರು ಕೆಂಡವಾಗಿ, ಕೆಲಸಕ್ಕೆ ಬಾರದವರ ಮೇಲೆ ನೋಟೀಸು ಬರೆದು ನೀನೇ ಕೊಟ್ಟು ಬಾ ಎಂದು ನನಗೆ ಹೇಳಿದರು. ನೋಟೀಸಿನಲ್ಲಿ ಮೊದಲ ಹೆಸರು ಹಣಮವ್ವನದು. ದಿನಾ ಬೆಳಿಗ್ಗೆ ನಮ್ಮ ಕಚೇರಿಯ ಅಂಗಳ ಗುಡಿಸುತ್ತಿದ್ದವಳು. ನಾನು ಬರುವುದನ್ನು ಕಂಡರೆ ಕಸಬರಿಗೆ ಹಿಂದೆ ಹಿಡಿದು ಗೋಡೆಗೆ ಸರಿದು ನಿಲ್ಲುತ್ತಿದ್ದಳು. ಅಷ್ಟು ವರ್ಷದಲ್ಲಿ ನಾನು ಅವಳೊಡನೆ ಆಡಿದ ಮಾತು ಹತ್ತೂ ಇರಲಿಕ್ಕಿಲ್ಲ.

ನೋಟೀಸುಗಳನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಕೆಳಗಿನ ಓಣಿಗೆ ಇಳಿದೆ. ಹೊಸಬರೇ, ಇದನ್ನು ಗಮನವಿಟ್ಟು ಓದಿ. ನಾಲ್ಕು ವರ್ಷ ಆ ಊರಿನ ಪುರಸಭೆಯಲ್ಲಿ ಕೆಲಸ ಮಾಡಿದ್ದ ನಾನು ಆ ಓಣಿಯಲ್ಲಿ ಕಾಲಿಟ್ಟದ್ದು ಅವತ್ತೇ ಮೊದಲು.

ನಾಲ್ಕು ಮನೆಗಳ ಮುಂದೆ ಸಾವಿನ ಬೆಂಕಿ ಇಟ್ಟಿದ್ದರು. ಹಳ್ಳದ ಕಡೆಯಿಂದ ಗಂಡಸರು ಸನಿಕೆ ಹಿಡಿದು ಬರುತ್ತಿದ್ದರು, ಯಾರೂ ನನ್ನತ್ತ ನೋಡಲಿಲ್ಲ. ಹಣಮವ್ವ ತನ್ನ ಗುಡಿಸಲಿನ ಹೊಸ್ತಿಲಲ್ಲಿ ಕುಳಿತಿದ್ದಳು. ಒಳಗೆ ಈಚಲ ಚಾಪೆಯ ಮೇಲೆ ಅವಳ ಮಗಳು ಲಚಮಿಯನ್ನು ಮಲಗಿಸಿ ಹೊಸ ಇಳಕಲ್ ಸೀರೆ ಹೊದಿಸಿದ್ದರು. ಕೊಡ್ಲಿ ಊರಿಗೆ ಕೊಟ್ಟಿದ್ದ ಮಗಳು, ಪಂಚಮಿಗೆಂದು ತವರಿಗೆ ಬಂದವಳು. ಕೈಯಲ್ಲಿ ಹಬ್ಬದ ಹಸಿರು ಬಳೆ ಹಾಗೇ ಇದ್ದವು.

ನನ್ನನ್ನು ಕಂಡವಳೇ ಹಣಮವ್ವ ಗಡಬಡಿಸಿ ಎದ್ದು ನಿಂತಳು. "ನಾಳಿ ಬರ್ತೀನ್ರೀ ಎಪ್ಪಾ. ಇವತ್ತೊಂದಿನ ಬಿಡ್ರಿ. ಇದನ್ನ ಮಣ್ಣು ಮಾಡಿ ನಾಳಿ ಹೊತ್ತು ಮೂಡೂದ್ರಾಗ ಬಂದು ಗುಡಸ್ತೀನಿ" ಅಂದಳು.

ಕೆಲಸಕ್ಕೆ ಬರದಿದ್ದಕ್ಕೆ ಅವಳು ನನ್ನ ಕ್ಷಮೆ ಕೇಳುತ್ತಿದ್ದಳು! ಜೇಬಿನಲ್ಲಿದ್ದ ನೋಟೀಸು ಅವಳಿಗೆ ಎಲ್ಲಿ ಕಂಡೀತೋ ಎಂದು ಕೈ ಅಡ್ಡ ಹಿಡಿದುಕೊಂಡೆ. ಏನು ಕೇಳಬೇಕೋ ತಿಳಿಯದೆ, "ಎಲ್ಲಿ ನೀರು ಕುಡದಿದ್ರಿ? ಹಳ್ಳದ್ದೇನು?" ಅಂದೆ.

"ಇಲ್ರೀ ಎಪ್ಪಾ. ಡಂಗುರದಾಗ ಹೇಳಿದ್ರಲ್ಲ, ಬಾವಿದೇ ಕುಡೀರಿ ಅಂತ. ಮಳಿಗಾಲದಾಗ ನಾವು ಹಳ್ಳದ ಉಸುಕಿನಾಗ ತೋಡಿದ ವರತಿ ನೀರು ತರ್ತಿದ್ವಿ. ಈ ಸಲ ಅದನ್ನ ಬಿಟ್ಟು ನಮ್ಮ ಬಾವಿದೇ ಕುಡದೀವಿ."

"ಯಾವ ಬಾವಿ?"

ಅವಳು ಕೈ ತೋರಿಸಿದಳು. ಓಣಿಯ ಕೊನೆಯಲ್ಲಿ ಒಂದು ಬಾವಿ ಇತ್ತು. ಸುತ್ತ ಕಟ್ಟೆ ಇಲ್ಲ, ರಾಟೆ ಇಲ್ಲ, ಹಗ್ಗ ಇಲ್ಲ. ಕಲ್ಲಿನ ಮೆಟ್ಟಿಲು ಇಳಿದು ಕಾಲು ನೀರಿನಲ್ಲಿಟ್ಟು ಕೊಡ ತುಂಬಬೇಕು. ಮಳೆಯ ನೀರು ಓಣಿಯ ಕೊಳೆಯನ್ನೆಲ್ಲ ಹೊತ್ತು ಅದೇ ಮೆಟ್ಟಿಲಿನ ಮೇಲೆ ಹರಿದು ಒಳಗೆ ಇಳಿದದ್ದು ಕಣ್ಣಿಗೇ ಕಾಣುತ್ತಿತ್ತು. ಬಲ್ದಿಯಾ ಆ ಬಾವಿಗೆ ಯಾವತ್ತೂ ರಾಟೆ ಹಾಕಿರಲಿಲ್ಲ, ಹಗ್ಗ ಕೊಟ್ಟಿರಲಿಲ್ಲ. ಹಾಗಾಗಿ ಹಗ್ಗ-ರಾಟೆಯ ಪುಸ್ತಕದಲ್ಲಿ ಅದು ಇರಲಿಲ್ಲ. ಹಾಗಾಗಿ ನನ್ನ ಪಟ್ಟಿಯಲ್ಲೂ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ ಬಾವಿಗೆ ಜಮಾದಾರ ಯಾಕೆ ಔಷಧ ಹಾಕುತ್ತಾನೆ? ಹಳ್ಳದ ವರತೆ ಬಿಟ್ಟು ಈ ನೀರು ಕುಡಿಯಿರಿ ಎಂದು ಅವರಿಗೆ ಹೇಳಿದವನು ನಾನು.

"ನೀರು ಕೆಂಪಾಗಿದ್ದಿಲ್ಲಲ್ಲ ಹಣಮವ್ವ, ನಿಮಗ್ಯಾರಿಗೂ ಅನುಮಾನ ಬರಲಿಲ್ಲೇನು?" ಎಂದು ಕೇಳಿದೆ. ಕೇಳುವಾಗಲೇ ನಾಚಿಕೆಯಾಯಿತು, ತಪ್ಪನ್ನು ಅವರ ಮೇಲೆ ಹಾಕುವ ಹಂಚಿಕೆ ಅದು.

"ನಸುಕಿನ್ಯಾಗ ನಾವು ಗುಡಸ್ಲಾಕ ಹೋದಾಗ ಬಂದು ಹಾಕಿ ಹೋಗಿರಬೇಕು ಅಂದ್ಕೊಂಡ್ವಿ. ಸರಕಾರದವ್ರು ಎಲ್ಲಾ ಬಾವಿ ಅಂದ್ರ ಎಲ್ಲಾ ಬಾವಿನೇ ಅಲ್ರೀ?" ಅಂದಳು.

ಓಡುತ್ತ ಕಚೇರಿಗೆ ಬಂದೆ. ಚಾಚಾನ ಮುಂದೆ ನಿಂತು ಹೇಳಿದೆ. ಅವರು ಎದ್ದು ಹಗ್ಗ-ರಾಟೆಯ ಪುಸ್ತಕ ತೆಗೆದು ಒಂದೊಂದೇ ಪುಟ ನೋಡಿದರು. "ನನ್ನ ಕಣ್ಣಿನ ಮುಂದೇ ನೀ ಬರದಿ. ನನಗೂ ಹೊಳೀಲಿಲ್ಲ. ಆ ಕಡಿ ಒಂದು ಬಾವಿ ಅದ ಅಂತ ನನಗ ಗೊತ್ತಿತ್ತು ಬೇಟಾ, ಗೊತ್ತಿತ್ತು" ಅಂದರು. ಒಬ್ಬರಿಗಾದರೂ ಹೊಳೆಯಬೇಡವೇ? ಪಟ್ಟಿಯನ್ನು ನಾನು ಬರೆದೆ, ಚಾಚಾ ನೋಡಿದರು, ಸಾಹೇಬರು ರುಜು ಮಾಡಿದರು, ಮೆಂಬರರು ಸಭೆಯಲ್ಲಿ ಒಪ್ಪಿದರು, ಜಮಾದಾರ ಕೈಯಲ್ಲಿ ಹಿಡಿದು ಊರೆಲ್ಲ ತಿರುಗಿದ. ಆ ಓಣಿಯ ಜನ ದಿನಾ ನಮ್ಮ ಕಣ್ಣ ಮುಂದೆ ಓಡಾಡುತ್ತಿದ್ದರು. ಅವರು ಎಲ್ಲಿಯ ನೀರು ಕುಡಿಯುತ್ತಾರೆ ಎಂದು ನಮ್ಮಲ್ಲಿ ಯಾರಿಗೂ ಯೋಚನೆಯೇ ಬರಲಿಲ್ಲ.

ಸಾಹೇಬರ ಕೋಣೆಗೆ ಇಬ್ಬರೂ ಹೋದೆವು. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಣ್ಣಗಿನ ದನಿಯಲ್ಲಿ, "ಎಲ್ಲಾ ಬಾವಿಗೂ ದವಾ ಹಾಕೀವಿ ಅಂತ ಜಿಲ್ಲೆಗೆ ಬರದು ಕಳಿಸೀವಿ. ಈಗ ಹೈಜಾ ಅಂತ ಬರದ್ರ ಮೂರೂ ಜನರ ನೌಕರಿ ಹೋಗ್ತದ. ಬುಖಾರ್ ಅಂತ ಬರೀರಿ. ಔಷಧ ಆಮ್ಯಾಲ ಸುಮ್ಮನ ಹಾಕಿ ಬರ್ರಿ" ಅಂದರು. ಹೈಜಾ ಅಂದರೆ ವಾಂತಿಭೇದಿ. ಹಾಗೆ ಬರೆದರೆ ಮಾತ್ರ ಜಿಲ್ಲೆಯಿಂದ ಡಾಕ್ಟರು, ಸೂಜಿಮದ್ದು ಬರುತ್ತಿದ್ದವು. ಜ್ವರ ಎಂದು ಬರೆದರೆ ಯಾರೂ ಬರುವುದಿಲ್ಲ, ಓಣಿಯಲ್ಲಿ ಇನ್ನೂ ಆರೇಳು ಮಂದಿ ಮಲಗಿದ್ದರು. ಅಷ್ಟು ಸುಲಭವಾಗಿ ಒಬ್ಬ ಮನುಷ್ಯ ಹಾಗೆ ಹೇಳಬಹುದು ಎಂದು ನನಗೆ ಗೊತ್ತಿರಲಿಲ್ಲ. ಅದಕ್ಕಿಂತ ಹೆಚ್ಚಿನ ಗಾಬರಿ ಯಾವುದೆಂದರೆ, ನನ್ನ ಬಾಯಿಂದ "ಆಗಲಿ ಸಾಹೇಬ್ರ" ಎಂದು ಬಂದುಬಿಟ್ಟಿತು.

ಹೊರಗೆ ಬಂದು ಸಾವಿನ ಪುಸ್ತಕ ಬಿಚ್ಚಿದೆ. ಲಚಮಿಯ ಹೆಸರು ಬರೆದೆ, ಕಾರಣದ ಜಾಗಕ್ಕೆ ಬಂದಾಗ ಕೈ ನಿಂತಿತು. ಚಾಚಾ ನನ್ನ ಕೈಯಿಂದ ಲೆಕ್ಕಣಿಕೆ ತೆಗೆದುಕೊಂಡರು. "ನೀ ಸಣ್ಣಂವ ಇದ್ದಿ, ನಿನ್ನ ನೌಕರಿ ಇರಲಿ. ನನಗ ಪಿಂಚಣಿ ಹತ್ತಿರ ಬಂದದ, ಕಸಗೊಂಡ್ರ ಕಸಗೋಲಿ" ಎಂದು ತಮ್ಮ ಚೆಂದದ ಅಕ್ಷರದಲ್ಲಿ ಹೈಜಾ ಎಂದು ಬರೆದರು. ಉಳಿದ ಹೆಸರುಗಳ ಮುಂದೆಯೂ ಅದನ್ನೇ ಬರೆದರು. ತಕ್ಷಣ ಜಿಲ್ಲೆಗೆ ತಂತಿ ಕೊಡಲು ಟಪಾಲು ಕಚೇರಿಗೆ ತಾವೇ ನಡೆದುಕೊಂಡು ಹೋದರು. ಸಾಹೇಬರು ಮುಂದೆ ಅವರಿಗೆ ಬಹಳ ಕಿರುಕುಳ ಕೊಟ್ಟರು, ಪಿಂಚಣಿ ತಡವಾಯಿತು. ಚಾಚಾ ಅದರ ಬಗ್ಗೆ ಒಂದು ದಿನವೂ ನನ್ನ ಹತ್ತಿರ ಗೊಣಗಲಿಲ್ಲ.

ಡಾಕ್ಟರು ಬರಲು ಎರಡು ದಿನವಾದರೂ ಬೇಕಿತ್ತು. ಅಷ್ಟರಲ್ಲಿ ಬಾವಿಗೆ ಔಷಧ ಬೀಳಬೇಕಿತ್ತು. ಜಮಾದಾರ ಆ ಓಣಿಗೆ ಇಳಿಯುವುದಿಲ್ಲ ಎಂದು ಹಟ ಹಿಡಿದ. ಡಬ್ಬಿ ನಾನೇ ಹೊತ್ತುಕೊಂಡು ಹೋಗಿ ಸಂಜೆ ಮೆಟ್ಟಿಲಿಳಿದು ಹರಳು ಸುರಿದು ಬಂದೆ. ಬೆಳಗಾಗುವವರೆಗೆ ನೀರು ಮುಟ್ಟಬೇಡಿ ಎಂದು ಹೇಳಿದೆ. ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ಬಾವಿಯ ಹತ್ತಿರ ಒಬ್ಬರೂ ಇಲ್ಲ. ಹೆಂಗಸರು ಕೊಡ ಹೊತ್ತು ಹಳ್ಳಕ್ಕೆ ಹೊರಟಿದ್ದರು. ರೋಗಿಗಳ ಬಟ್ಟೆಯನ್ನೆಲ್ಲ ಅದೇ ಹಳ್ಳದಲ್ಲಿ ಒಗೆದಿದ್ದರು! ಈಗ ಅವರ ಹಳೆಯ ವರತೆಯೂ ಕೆಟ್ಟಿತ್ತು. ನಾನು ಅಡ್ಡ ನಿಂತೆ. ಬಾವಿಯ ನೀರನ್ನೇ ಕುಡಿಯಿರಿ, ಅದು ಈಗ ಶುದ್ಧ ಎಂದು ಬೇಡಿಕೊಂಡೆ.

ಡಂಗುರದ ಚಂದ್ರಾಮ ಮುಂದೆ ಬಂದ. ಅವನ ಮನೆಯಲ್ಲೂ ತಮ್ಮ ಸತ್ತಿದ್ದ. "ಧಣಿ, ಅವತ್ತು ನೀವು ಬರದಿದ್ದು ನಾ ಸಾರಿದೆ. ನನ್ನ ಬಾಯಿಂದ ಸಾರಿದೆ. ಈಗ ಓಣಿ ಮಂದಿ ನನ್ನ ಮಾರಿ ನೋಡವಲ್ರು" ಅಂದ.

"ತಪ್ಪು ನಿಂದಲ್ಲ ಚಂದ್ರಾಮ. ಬಾವಿ ಪಟ್ಟಿ ಬರದಂವ ನಾನು. ಈ ಬಾವಿ ಬಿಟ್ಟಂವ ನಾನು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಹೇಳಿ ಮುಗಿಸಿದಾಗ ಯಾರಾದರೂ ಹೊಡೆದರೂ ಹೊಡೆಯಲಿ ಅನ್ನಿಸಿತ್ತು. ಯಾರೂ ಕೈ ಎತ್ತಲಿಲ್ಲ. ಹಣಮವ್ವನೂ ಅಲ್ಲೇ ನಿಂತಿದ್ದಳು.

ಚಂದ್ರಾಮ ಬಾವಿಗಿಳಿದು ಒಂದು ತಂಬಿಗೆ ನೀರು ತುಂಬಿ ತಂದ. ನೀರು ತಿಳಿಗೆಂಪಾಗಿತ್ತು. "ಮಂದಿ ಇದನ್ನ ಇಷ (ವಿಷ) ಅನ್ಲಾಕತ್ಯಾರ. ನೀವು ಒಂದು ಗುಟುಕು ಕುಡದು ತೋರಸ್ರಿ. ಈಗಿಂದೀಗ ಹಲಗಿ ಬಡದು ಸಾರ್ತೀನಿ" ಎಂದು ನನ್ನ ಮುಂದೆ ಒಂದು ಕಲ್ಲಿನ ಮೇಲೆ ಇಟ್ಟ. ಕೈಯಿಂದ ಕೈಗೆ ಕೊಡಲಿಲ್ಲ, ಅವನಿಗೆ ಆ ರೂಢಿ ಇರಲಿಲ್ಲ.

ನಾನು ತಂಬಿಗೆ ಎತ್ತಿಕೊಂಡೆ. ನೀರು ಶುದ್ಧ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಔಷಧ ಹಾಕಿದವನು ನಾನೇ. ರೋಗದ ಭಯ ಎಳ್ಳಷ್ಟೂ ಇರಲಿಲ್ಲ. ಆದರೆ ತಂಬಿಗೆ ಎದೆಯ ಹತ್ತಿರ ಬಂದು ನಿಂತಿತು, ಮೇಲಕ್ಕೆ ಏಳಲೇ ಇಲ್ಲ. ಮುಟ್ಟಬಾರದ ಓಣಿಯ ನೀರು ಎಂಬ ಒಂದೇ ಮಾತು ತಲೆಯಲ್ಲಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ನಾನು. ಜಾತಿ ಇಲ್ಲ, ಮೇಲುಕೀಳು ಇಲ್ಲ ಎಂದು ಸಣ್ಣವನಿದ್ದಾಗಿನಿಂದ ಮಠದಲ್ಲಿ ಹಾಡಿಕೊಂಡು ಬಂದವನು. ಅದು ಬರೀ ಬಾಯಿಯಲ್ಲಿತ್ತು ಎಂದು ನನಗೇ ಗೊತ್ತಿರಲಿಲ್ಲ. ನನ್ನೊಳಗೆ ಕುಳಿತಿದ್ದ ಆ ಮನುಷ್ಯನನ್ನು ಕಂಡು ನನಗೆ ದಿಗಿಲಾಯಿತು. ಕುಡಿ, ಕುಡಿ ಎಂದು ನನಗೆ ನಾನೇ ಹೇಳಿಕೊಂಡೆ. ಓಣಿಯ ಜನ ನೋಡುತ್ತಿದ್ದರು. ಇಬ್ಬರು ಹೆಂಗಸರು ಕೊಡ ಎತ್ತಿಕೊಂಡು ಮತ್ತೆ ಹಳ್ಳದ ಕಡೆ ತಿರುಗಿದರು.

ಹಣಮವ್ವ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಹತ್ತಿರ ಬಂದು, ನನ್ನ ಬೆರಳಿಗೆ ತನ್ನ ಬೆರಳು ತಾಗದ ಹಾಗೆ ತಂಬಿಗೆಯ ಅಂಚನ್ನು ಹಿಡಿದುಕೊಂಡಳು.

"ಕೊಡ್ರಿ ಇತ್ತಾಗ. ನಿಮಗ್ಯಾಕ್ರೀ ಎಪ್ಪಾ ತ್ರಾಸ" ಅಂದಳು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, ಬೇರೆಯವರಿಗೆ ಕೇಳದಂತೆ, "ನಿಮ್ಮ ಮನ್ಯಾಗ ಅವ್ವ ಏನರ ಅಂದಾಳು" ಅಂದಳು.

ಅಲ್ಲೇ ನಿಂತು, ತಲೆ ಹಿಂದಕ್ಕೆ ಮಾಡಿ, ಪೂರ್ತಿ ತಂಬಿಗೆ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಹಳ್ಳದ ಕಡೆ ಹೊರಟವರನ್ನು ಕೂಗಿ ಕರೆದಳು. ಅವರು ತಿರುಗಿ ಬಂದರು. ಚಂದ್ರಾಮ ಹಲಗೆ ಬಡಿದ. ಒಬ್ಬೊಬ್ಬರಾಗಿ ಬಾವಿಗೆ ಇಳಿದರು. ಅಲ್ಲಿಂದ ಮುಂದೆ ಆ ಓಣಿಯಲ್ಲಿ ಹೊಸದಾಗಿ ಯಾರೂ ರೋಗ ಬಂದು ಮಲಗಲಿಲ್ಲ. ಹಣಮವ್ವ ಕಸಬರಿಗೆ ತೆಗೆದುಕೊಂಡು ಪೇಟೆಯ ಕಡೆ ಹೋದಳು. ಅವತ್ತು ಸಂತೆಯ ದಿನ.

ನನಗೆ ಆ ಕ್ಷಣ ಏನನ್ನಿಸಿತು ಗೊತ್ತೇ? ಹಗುರ ಅನ್ನಿಸಿತು. ಪಾರಾದೆ ಅನ್ನಿಸಿತು. ನನ್ನ ಪಟ್ಟಿಯಿಂದ ಮಗಳನ್ನು ಕಳೆದುಕೊಂಡವಳು, ಮಣ್ಣು ಮಾಡಿ ಒಂದು ದಿನವೂ ಆಗಿರಲಿಲ್ಲ, ನನಗೆ ನಾಲ್ಕು ಜನರ ಮುಂದೆ ಮುಜುಗರವಾಗಬಾರದೆಂದು ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡಳು, ನಾನು ಕೊಟ್ಟುಬಿಟ್ಟೆ. ಮುಂದಿನ ಬೇಸಿಗೆಗೆ ಆ ಬಾವಿಗೆ ಕಟ್ಟೆ ಕಟ್ಟಿಸಿ ರಾಟೆ ಹಾಕಿಸಿದೆ. ಆಮೇಲೂ ಹಣಮವ್ವ ಎಷ್ಟೋ ವರ್ಷ ಕಚೇರಿಯ ಅಂಗಳ ಗುಡಿಸಿದಳು, ನಾನು ಎಷ್ಟೋ ಸಲ ಅವಳ ಓಣಿಗೆ ಹೋಗಿ ಬಂದೆ. ಆ ಬಾವಿಯ ನೀರನ್ನು ಮಾತ್ರ ನಾನು ಒಂದು ದಿನವೂ ಕುಡಿಯಲಿಲ್ಲ.